ಲಿನಕ್ಸ್ ಕರ್ನಲ್‌ನ ಸ್ಟ್ಯಾಕ್ ಟ್ರೇಸ್ ಓದುವುದು ಹೇಗೆ: ಹೆಕ್ಸ್ ಅಂಕಿಯಿಂದ ಸೋರ್ಸ್ ಸಾಲಿನವರೆಗೆ

ಲಿನಕ್ಸ್‌ನ ತಿರುಳಾದ ಕರ್ನಲ್ ಎಡವಿದಾಗ ಲಾಗ್‌ನಲ್ಲಿ ಒಂದು ಉದ್ದನೆಯ ಪಟ್ಟಿ ಬಂದು ಬೀಳುತ್ತದೆ. ಇದೇ ಸ್ಟ್ಯಾಕ್ ಟ್ರೇಸ್: ಆ ಕ್ಷಣಕ್ಕೆ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಸರಪಳಿ. ಫಂಕ್ಷನ್‌ಗಳ ಹೆಸರು, ಅವುಗಳ ಮುಂದೆ ಕೂಡಿಸುವ ಚಿಹ್ನೆ, ಎರಡು ಹೆಕ್ಸ್ (16ರ ಆಧಾರದ ಎಣಿಕೆಯ) ಅಂಕಿ, ನಡುವೆ ಒಂದು ಓರೆಗೆರೆ. ಬಹಳ ಮಂದಿ ಇದನ್ನು ನೋಡಿ, ಗೂಗಲ್‌ಗೆ ಮೊದಲ ಸಾಲನ್ನು ಹಾಕಿ, ಏನೂ ಸಿಗದೆ ಮಶೀನ್ ರೀಬೂಟ್ ಮಾಡಿ ಸುಮ್ಮನಾಗುತ್ತಾರೆ. ಆದರೆ ಆ ಪಟ್ಟಿಯ ಪ್ರತಿ ಸಾಲಿನಲ್ಲೂ ‘ಇಂಥ ಫೈಲಿನ ಇಂತಿಷ್ಟನೇ ಸಾಲು’ ಎಂದು ಹೇಳಲು ಬೇಕಾದ ಮಾಹಿತಿ ಪೂರ್ತಿ ಇದೆ. ಅದನ್ನು ಹೊರತೆಗೆಯುವ ಸ್ಕ್ರಿಪ್ಟ್ ಕರ್ನಲ್ ಸೋರ್ಸ್‌ನ ಒಳಗೇ ಇದೆ. ಹೆಸರು ಡಿಕೋಡ್_ಸ್ಟ್ಯಾಕ್‌ಟ್ರೇಸ್.ಎಸ್‌ಎಚ್. ಕರ್ನಲ್ ಡೆವಲಪರ್ ಸಾಶಾ ಲೆವಿನ್ ಬರೆದ ಇದು 2014ರಲ್ಲಿ, 3.16ನೇ ಆವೃತ್ತಿಯ ಹೊತ್ತಿಗೆ ಕರ್ನಲ್ ಸೇರಿತು.

ಈ ಲೇಖನದಲ್ಲಿ ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ. ಹೈಫನ್, ಚುಕ್ಕೆ, ಅಡಿಗೆರೆ ಎಲ್ಲಿವೆಯೋ ಅಲ್ಲೇ ಇರಲಿ.

ಒಂದು ಸಾಲಿನಲ್ಲಿ ಏನೇನಿದೆ

ಮೊದಲು ಒಂದೇ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ‘ಡೆಮೊ’ ಎಂಬ ಪುಟ್ಟ ಡ್ರೈವರ್ ಒಂದಿದೆ, ಅದು ಕ್ರ್ಯಾಶ್ ಆಗಿದೆ ಎಂದುಕೊಳ್ಳಿ. ಲಾಗ್‌ನಲ್ಲಿ ಹೀಗೆ ಬರುತ್ತದೆ:

ಆರ್‌ಐಪಿ: 0010:ಡೆಮೊ_ಫಿಲ್+0ಎಕ್ಸ್24/0ಎಕ್ಸ್70 [ಡೆಮೊ]

ಆರ್‌ಐಪಿ ಅಂದರೆ ಆ ಕ್ಷಣಕ್ಕೆ ಪ್ರೊಸೆಸರ್ ಯಾವ ಇನ್‌ಸ್ಟ್ರಕ್ಷನ್ ಮೇಲಿತ್ತು ಎಂಬುದರ ರಿಜಿಸ್ಟರ್. 0010 ಎಂಬುದು ಎಕ್ಸ್86 ಮಶೀನ್‌ನಲ್ಲಿ ಕರ್ನಲ್‌ನ ಕೋಡ್ ಸೆಗ್ಮೆಂಟ್. ಅಂದರೆ ತಪ್ಪು ನಡೆದದ್ದು ಯೂಸರ್ ಪ್ರೋಗ್ರಾಂನೊಳಗಲ್ಲ, ಕರ್ನಲ್‌ನೊಳಗೆ. ಮುಂದಿನದು ಫಂಕ್ಷನ್ ಹೆಸರು. 24 ಅಂದರೆ ಆ ಫಂಕ್ಷನ್ ಶುರುವಾದಲ್ಲಿಂದ ಹೆಕ್ಸ್ ಲೆಕ್ಕದಲ್ಲಿ 24 ಬೈಟ್ ಒಳಗೆ. ಓರೆಗೆರೆಯ ಆಚೆಗಿನ 70 ಆ ಫಂಕ್ಷನ್‌ನ ಒಟ್ಟು ಗಾತ್ರ. ಚೌಕ ಕಂಸದಲ್ಲಿರುವುದು ಮಾಡ್ಯೂಲ್‌ನ ಹೆಸರು, ಅಂದರೆ ಬೇಕಾದಾಗ ಬೇರೆಯಾಗಿ ಲೋಡ್ ಆಗುವ ಕರ್ನಲ್ ತುಣುಕಿನ ಹೆಸರು. ಕಂಸವೇ ಇಲ್ಲದಿದ್ದರೆ ಆ ಫಂಕ್ಷನ್ ಮುಖ್ಯ ಕರ್ನಲ್ ಇಮೇಜ್‌ನೊಳಗಿದೆ.

ಈ ಗಾತ್ರದ ಅಂಕಿಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಮುಂದೆ ಅದು ತುಂಬಾ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

‘ವಿಳಾಸ ಪ್ರತಿ ಬೂಟ್‌ಗೂ ಬದಲಾಗುತ್ತದಲ್ಲ, ಇದರಿಂದ ಸಾಲು ಸಿಗುವುದು ಹೇಗೆ?’ ಎಂದು ಕೆಲವರು ಕೇಳುತ್ತಾರೆ. ನಿಜ, ಸುರಕ್ಷತೆಗಾಗಿ ಕರ್ನಲ್ ಪ್ರತಿ ಬೂಟ್‌ನಲ್ಲೂ ಮೆಮರಿಯ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಆದರೆ ಫಂಕ್ಷನ್‌ನ ಆರಂಭದಿಂದ ಎಷ್ಟು ದೂರ ಎಂಬುದು ಬದಲಾಗುವುದಿಲ್ಲ. ಹಾಗಾಗಿ ಸ್ಕ್ರಿಪ್ಟ್‌ಗೆ ಬೇಕಾದದ್ದು ಹೆಸರು ಮತ್ತು ದೂರ, ಇವೆರಡೇ. ಅದು ಎನ್‌ಎಂ ಎಂಬ ಟೂಲ್‌ನಿಂದ ಫಂಕ್ಷನ್‌ನ ಆರಂಭದ ವಿಳಾಸ ತೆಗೆಯುತ್ತದೆ, 81234500 ಎಂದಿಟ್ಟುಕೊಳ್ಳಿ. ಅದಕ್ಕೆ 24 ಕೂಡಿಸಿ 81234524 ಮಾಡುತ್ತದೆ. ಆ ವಿಳಾಸವನ್ನು ಅಡ್ರ್2ಲೈನ್ ಎಂಬ ಟೂಲ್‌ಗೆ ಕೊಟ್ಟು ಫೈಲ್ ಹೆಸರು ಮತ್ತು ಸಾಲಿನ ಸಂಖ್ಯೆ ಪಡೆಯುತ್ತದೆ. ಒಳಗೆ ಬೇರೆ ಮಾಯೆ ಏನೂ ಇಲ್ಲ. ಈ ಎರಡೂ ಟೂಲ್‌ಗಳು ಬಿನ್‌ಯುಟಿಲ್ಸ್ ಪ್ಯಾಕೇಜ್‌ನಲ್ಲಿ ಬರುತ್ತವೆ. ಇಲ್ಲದಿದ್ದರೆ ಮೊದಲು ಹಾಕಿಕೊಳ್ಳಿ.

ಹಳಬರಿಗೆ ಕೆಸಿಮ್‌ಊಪ್ಸ್ ನೆನಪಿರಬಹುದು. 2.4ರ ಕಾಲದಲ್ಲಿ ಕರ್ನಲ್ ಬರೀ ವಿಳಾಸಗಳನ್ನು ಉಗುಳುತ್ತಿತ್ತು, ಸಿಸ್ಟಮ್.ಮ್ಯಾಪ್ ಫೈಲ್ ಹಿಡಿದು ಹೆಸರು ಹುಡುಕಬೇಕಿತ್ತು. 2.6ರಿಂದ ಕರ್ನಲ್ ತಾನೇ ಹೆಸರು ಬರೆಯತೊಡಗಿತು, ಕೆಸಿಮ್‌ಊಪ್ಸ್ ಬೇಡವಾಯಿತು. ಹಳೆಯ ಲೇಖನಗಳಲ್ಲಿ ಅದರ ಪ್ರಸ್ತಾಪ ಕಂಡರೆ ಅದರ ಹಿಂದೆ ಹೋಗಬೇಡಿ.

ಹಂತ 1: ಟ್ರೇಸ್ ಅನ್ನು ಪೂರ್ತಿಯಾಗಿ ಹಿಡಿಯಿರಿ

ಮಶೀನ್ ಇನ್ನೂ ಓಡುತ್ತಿದ್ದರೆ ಸುಲಭ, ಕರ್ನಲ್ ಲಾಗ್ ತೋರಿಸುವ ಡಿಮೆಸ್ಗ್ ಕಮಾಂಡ್ ಸಾಕು:

ಸುಡೊ ಡಿಮೆಸ್ಗ್ > ಲಾಗ್.ಟಿಎಕ್ಸ್‌ಟಿ

ಈಗಿನ ಬಹಳಷ್ಟು ಡಿಸ್ಟ್ರೊಗಳಲ್ಲಿ (ಸಿದ್ಧವಾಗಿ ಸಿಗುವ ಲಿನಕ್ಸ್ ರೂಪಗಳಲ್ಲಿ) ಸುಡೊ ಇಲ್ಲದೆ ಡಿಮೆಸ್ಗ್ ಓದಲು ಬಿಡುವುದಿಲ್ಲ. ರೀಬೂಟ್ ಆಗಿಬಿಟ್ಟಿದ್ದರೆ, ಹಿಂದಿನ ಬೂಟ್‌ನ ಕರ್ನಲ್ ಲಾಗ್ ಸಿಸ್ಟಮ್‌ಡಿ (ಸರ್ವಿಸ್‌ಗಳನ್ನೂ ಲಾಗ್‌ಗಳನ್ನೂ ನೋಡಿಕೊಳ್ಳುವ ವ್ಯವಸ್ಥೆ) ಬಳಿ ಇರಬಹುದು:

ಸುಡೊ ಜರ್ನಲ್‌ಸಿಟಿಎಲ್ -ಕೆ -ಬಿ -1 -ಒ ಕ್ಯಾಟ್ > ಲಾಗ್.ಟಿಎಕ್ಸ್‌ಟಿ

ಮಶೀನ್ ಪೂರ್ತಿ ಹೆಪ್ಪುಗಟ್ಟಿ ನಿಂತಿದ್ದರೆ ಕೊನೆಯ ಸಾಲುಗಳು ಡಿಸ್ಕ್‌ಗೆ ತಲುಪಿರುವುದಿಲ್ಲ. ಆಗ /ವಾರ್/ಲಿಬ್/ಸಿಸ್ಟಮ್‌ಡಿ/ಪಿಸ್ಟೋರ್ ಡೈರೆಕ್ಟರಿ ನೋಡಿ. ಸಾಯುವ ಮುಂಚೆ ಕರ್ನಲ್ ಫರ್ಮ್‌ವೇರ್‌ನ ಜಾಗದಲ್ಲಿ ಬರೆದಿಟ್ಟದ್ದು ಮುಂದಿನ ಬೂಟ್‌ನಲ್ಲಿ ಅಲ್ಲಿಗೆ ಬಂದಿರುತ್ತದೆ. ಅದೂ ಇಲ್ಲವಾದರೆ ಸೀರಿಯಲ್ ಕನ್ಸೋಲ್, ಇಲ್ಲವೇ ಇನ್ನೊಂದು ಮಶೀನ್‌ಗೆ ಯುಡಿಪಿ ಮೂಲಕ ಲಾಗ್ ಕಳಿಸುವ ನೆಟ್‌ಕನ್ಸೋಲ್ ಸಿದ್ಧ ಮಾಡಿಟ್ಟು, ತೊಂದರೆ ಮತ್ತೆ ಬರುವವರೆಗೆ ಕಾಯಬೇಕು. ಪರದೆಯ ಫೋಟೊ ಕೊನೆಯ ದಾರಿ. ಫೋಟೊದಲ್ಲಿ ಸಾಮಾನ್ಯವಾಗಿ ಟ್ರೇಸ್‌ನ ಬಾಲ ಮಾತ್ರ ಇರುತ್ತದೆ, ನಮಗೆ ಬೇಕಾದದ್ದು ತಲೆ.

ಲಾಗ್‌ನಲ್ಲಿ ಒಂದಕ್ಕಿಂತ ಹೆಚ್ಚು ಟ್ರೇಸ್ ಇದ್ದರೆ ಮೊದಲನೆಯದನ್ನೇ ಹಿಡಿಯಿರಿ. ‘ಊಪ್ಸ್’ ಎಂಬ ಸಾಲಿನಲ್ಲಿ #1 ಎಂದು ಇರುವುದು ಮೊದಲ ಪೆಟ್ಟು. ಒಮ್ಮೆ ಪೆಟ್ಟು ಬಿದ್ದ ಮೇಲೆ ಕರ್ನಲ್‌ನ ಸ್ಥಿತಿ ಕೆಟ್ಟಿರುತ್ತದೆ. #2, #3 ಹೆಚ್ಚಾಗಿ ಅದರ ಪರಿಣಾಮಗಳು. #3ರ ಹಿಂದೆ ಬಿದ್ದು ದಿನಗಟ್ಟಲೆ ಕಳೆಯುವವರಿದ್ದಾರೆ.

ಇನ್ನೊಂದು ಮಾತು. ಸಾಲುಗಳನ್ನು ಕತ್ತರಿಸಬೇಡಿ, ಮಡಚಬೇಡಿ. ಫಂಕ್ಷನ್‌ನ ಹೆಸರೂ ಅಂಕಿಗಳೂ ಸಾಲಿನ ಕೊನೆಯಲ್ಲಿ, ಮಾಡ್ಯೂಲ್ ಹೆಸರಿದ್ದರೆ ಅದಕ್ಕೆ ತುಸು ಮುಂಚೆ ಇರಬೇಕು ಎಂದು ಸ್ಕ್ರಿಪ್ಟ್ ನಿರೀಕ್ಷಿಸುತ್ತದೆ. ಮೇಲ್ ಪ್ರೋಗ್ರಾಂ ಸಾಲನ್ನು ಎರಡಾಗಿ ಒಡೆದಿದ್ದರೆ ಆ ಸಾಲು ಡಿಕೋಡ್ ಆಗದೆ ಹಾಗೇ ಉಳಿಯುತ್ತದೆ. ಚಾಟ್ ಆ್ಯಪ್‌ನಲ್ಲಿ ಬಂದ ಟ್ರೇಸ್ ಆದರೆ ಕಳಿಸಿದವರನ್ನು ಫೈಲ್ ಆಗಿ ಕೊಡಿ ಎಂದು ಕೇಳಿ.

ಹಂತ 2: ಸರಿಯಾದ ವಿಎಂಲಿನಕ್ಸ್ ಹುಡುಕಿ

ವಿಎಂಲಿನಕ್ಸ್ ಅಂದರೆ ಬಿಲ್ಡ್‌ನಿಂದ ಹೊರಬರುವ, ಕುಗ್ಗಿಸದ ಕರ್ನಲ್ ಫೈಲ್. ಇಡೀ ಕೆಲಸದಲ್ಲಿ ಕಷ್ಟದ ಹಂತ ಇದು. ಸ್ಕ್ರಿಪ್ಟ್ ಓಡಿಸಲು ಒಂದು ನಿಮಿಷ ಸಾಕು, ಸರಿಯಾದ ಫೈಲ್ ಹುಡುಕಲು ಅರ್ಧ ದಿನ ಹೋದರೂ ಹೋದೀತು.

ಬೂಟ್ ಡೈರೆಕ್ಟರಿಯಲ್ಲಿರುವ ಫೈಲಿನ ಹೆಸರು ಜಡ್ ಅಕ್ಷರದಲ್ಲಿ ಮುಗಿಯುತ್ತದೆ. ಅದು ಕುಗ್ಗಿಸಿದ ಬೂಟ್ ಇಮೇಜ್, ಅದರಲ್ಲಿ ಸಾಲಿನ ಮಾಹಿತಿ ಇಲ್ಲ. ನಮಗೆ ಬೇಕಾದದ್ದು ಎಕ್ಸ್ ಅಕ್ಷರದಲ್ಲಿ ಮುಗಿಯುವ ವಿಎಂಲಿನಕ್ಸ್, ಅದೂ ಡೀಬಗ್ ಮಾಹಿತಿ (ಯಾವ ಬೈಟ್ ಯಾವ ಸೋರ್ಸ್ ಸಾಲಿನದು ಎಂಬ ವಿವರ) ಸಮೇತ. ಒಂದೇ ಅಕ್ಷರದ ವ್ಯತ್ಯಾಸವಾದ್ದರಿಂದ ಎಷ್ಟೋ ಜನ ಇಲ್ಲೇ ಸಿಕ್ಕಿಬೀಳುತ್ತಾರೆ.

ಯಾವ ಆವೃತ್ತಿ ಬೇಕು ಎಂಬುದನ್ನು ಲಾಗ್‌ನಿಂದಲೇ ತೆಗೆಯಿರಿ. ಟ್ರೇಸ್‌ನ ಮೇಲ್ಭಾಗದಲ್ಲಿ ಸಿಪಿಯು, ಪಿಐಡಿ, ಪ್ರೋಗ್ರಾಂ ಹೆಸರು ಇರುವ ಸಾಲಿನಲ್ಲೇ ಕರ್ನಲ್‌ನ ಪೂರ್ತಿ ಆವೃತ್ತಿಯೂ ಇರುತ್ತದೆ. ಈಗ ಯುನೇಮ್ -ಆರ್ ಕೊಟ್ಟು ಬಂದದ್ದನ್ನು ನಂಬಬೇಡಿ. ಕ್ರ್ಯಾಶ್ ಆದ ಮೇಲೆ ಅಪ್‌ಡೇಟ್ ಆಗಿ ಬೇರೆ ಕರ್ನಲ್ ಬೂಟ್ ಆಗಿರಬಹುದು.

ಡಿಸ್ಟ್ರೊದ ಕರ್ನಲ್ ಆದರೆ ಡೀಬಗ್ ಪ್ಯಾಕೇಜ್ ಬೇರೆಯಾಗಿ ಸಿಗುತ್ತದೆ. ಫೆಡೋರಾದಲ್ಲಿ ಅದರ ಹೆಸರು ಕರ್ನಲ್-ಡೀಬಗ್‌ಇನ್ಫೊ. ಹಾಕಿದ ಮೇಲೆ /ಯುಎಸ್‌ಆರ್/ಲಿಬ್/ಡೀಬಗ್/ಲಿಬ್/ಮಾಡ್ಯೂಲ್ಸ್ ಕೆಳಗೆ ಆವೃತ್ತಿಯ ಹೆಸರಿನ ಡೈರೆಕ್ಟರಿಯಲ್ಲಿ ವಿಎಂಲಿನಕ್ಸ್ ಇರುತ್ತದೆ. ಉಬುಂಟುವಿನಲ್ಲಿ ಡೀಬಗ್ ಪ್ಯಾಕೇಜ್‌ಗಳಿಗೆ ಬೇರೆಯೇ ರಿಪಾಸಿಟರಿ ಇದೆ, ಅದನ್ನು ಮೊದಲು ಸೇರಿಸಿಕೊಳ್ಳಬೇಕು. ಪ್ಯಾಕೇಜ್ ಹೆಸರಿನ ಕೊನೆಯಲ್ಲಿ ಡಿಬಿಜಿಸಿಮ್ ಎಂದಿರುತ್ತದೆ. ಡೆಬಿಯನ್‌ನಲ್ಲಿ ಕೊನೆಯಲ್ಲಿ ಡಿಬಿಜಿ. ಈ ಪ್ಯಾಕೇಜ್‌ಗಳು ತುಂಬಾ ದೊಡ್ಡವು, ಮೊಬೈಲ್ ಡೇಟಾದಲ್ಲಿ ಇಳಿಸಲು ಹೋಗಬೇಡಿ.

ನೀವೇ ಬಿಲ್ಡ್ ಮಾಡುವ ಕರ್ನಲ್ ಆದರೆ ಮೆನುಕಾನ್ಫಿಗ್ ಎಂಬ ಆಯ್ಕೆಗಳ ಮೆನುವಿನ ‘ಕರ್ನಲ್ ಹ್ಯಾಕಿಂಗ್’ ವಿಭಾಗದಲ್ಲಿ, ಕಂಪೈಲ್ ಸಮಯದ ಆಯ್ಕೆಗಳ ಕೆಳಗೆ ಡೀಬಗ್ ಮಾಹಿತಿಯನ್ನು ಆನ್ ಮಾಡಿ. ಡಿಸ್ಕ್ ಜಾಗ ಕಡಿಮೆಯಿದ್ದರೆ ಅಲ್ಲೇ ‘ರೆಡ್ಯೂಸ್ಡ್’ ಎಂಬ ಆಯ್ಕೆಯೂ ಇದೆ. ಅದು ಸ್ಟ್ರಕ್ಚರ್‌ಗಳ ವಿವರವನ್ನು ಕಡಿಮೆ ಮಾಡುತ್ತದೆ, ಸಾಲಿನ ಸಂಖ್ಯೆಗೆ ಏನೂ ಕೊರತೆಯಾಗುವುದಿಲ್ಲ. ಬಿಲ್ಡ್ ಮುಗಿದ ಮೇಲೆ ಸೋರ್ಸ್ ಡೈರೆಕ್ಟರಿಯ ಬುಡದಲ್ಲೇ ವಿಎಂಲಿನಕ್ಸ್ ಸಿಗುತ್ತದೆ. ಅದನ್ನು ಕಾಪಾಡಿಕೊಳ್ಳಿ! ಗ್ರಾಹಕರಿಗೆ ಬೋರ್ಡ್ ಕಳಿಸುವ ಕಂಪನಿಗಳು ಪ್ರತಿ ರಿಲೀಸ್‌ನ ವಿಎಂಲಿನಕ್ಸ್ ಮತ್ತು ಮಾಡ್ಯೂಲ್‌ಗಳನ್ನು ರಿಲೀಸ್‌ನ ಹೆಸರಿನಲ್ಲೇ ಎತ್ತಿಡಬೇಕು. ಎತ್ತಿಡದಿದ್ದರೆ ಆರು ತಿಂಗಳ ನಂತರ ಫೀಲ್ಡ್‌ನಿಂದ ಬರುವ ಟ್ರೇಸ್ ಓದಲು ಆಗುವುದಿಲ್ಲ.

‘ಅದೇ ಆವೃತ್ತಿಯ ಸೋರ್ಸ್ ಇದೆ, ಮತ್ತೆ ಬಿಲ್ಡ್ ಮಾಡಿದರೆ ಸಾಲದೇ?’ ಸಾಲದು. ಕಾನ್ಫಿಗ್‌ನಲ್ಲಿ ಒಂದು ಆಯ್ಕೆ ಬದಲಾದರೆ, ಕಂಪೈಲರ್‌ನ ಆವೃತ್ತಿ ಬದಲಾದರೆ, ಫಂಕ್ಷನ್‌ನ ಒಳಗಿನ ಬೈಟ್‌ಗಳು ಆಚೀಚೆ ಆಗುತ್ತವೆ. ಸ್ಕ್ರಿಪ್ಟ್ ಆಗಲೂ ಒಂದು ಉತ್ತರ ಕೊಡುತ್ತದೆ, ದೂರು ಹೇಳುವುದಿಲ್ಲ. ಆ ಉತ್ತರ ಪಕ್ಕದ ಸಾಲಿನದ್ದಾಗಿರಬಹುದು, ಬೇರೆಯೇ ಸಾಲಿನದ್ದೂ ಆಗಿರಬಹುದು. ಉತ್ತರ ಬರದಿದ್ದರೆ ಹುಡುಕುವುದನ್ನು ಮುಂದುವರಿಸುತ್ತೇವೆ. ತಪ್ಪು ಉತ್ತರ ಬಂದರೆ ನಿರ್ದೋಷಿ ಕೋಡ್ ಅನ್ನು ತಿದ್ದಲು ಕೂರುತ್ತೇವೆ. ಮೂಲ ಬಿಲ್ಡ್‌ನ ಫೈಲ್ ಕಳೆದುಹೋಗಿದ್ದರೆ, ಹೊಸದಾಗಿ ಬಿಲ್ಡ್ ಮಾಡಿ, ಅದನ್ನೇ ಬೂಟ್ ಮಾಡಿ, ತೊಂದರೆಯನ್ನು ಮತ್ತೆ ಬರಿಸಿ ಹೊಸ ಟ್ರೇಸ್ ಹಿಡಿಯುವುದೇ ಸರಿಯಾದ ದಾರಿ.

ಹಂತ 3: ಉತ್ತರ ಗೊತ್ತಿರುವ ಟ್ರೇಸ್‌ನಿಂದ ಶುರು ಮಾಡಿ

ನಿಜವಾದ ಕ್ರ್ಯಾಶ್‌ಗೆ ಕೈ ಹಾಕುವ ಮುಂಚೆ ವ್ಯವಸ್ಥೆ ಸರಿಯಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ನನ್ನ ಮಟ್ಟಿಗೆ ಇದು ಬಿಡಲೇಬಾರದ ಹಂತ. ಕರ್ನಲ್‌ಗೆ ಕ್ರ್ಯಾಶ್ ಆಗದೆಯೇ ಟ್ರೇಸ್ ಬರೆಸುವ ಒಂದು ಉಪಾಯವಿದೆ, ಸಿಸ್‌ಆರ್‌ಕ್ಯೂ ಎಂಬ ತುರ್ತು ಕಮಾಂಡ್‌ಗಳ ಸೌಲಭ್ಯ. ಒಂದು ವರ್ಚುವಲ್ ಮಶೀನ್‌ನಲ್ಲಿ, ರೂಟ್ ಆಗಿ, ಹೀಗೆ ಕೊಡಿ:

ಎಕೊ ಎಲ್ > /ಪ್ರಾಕ್/ಸಿಸ್‌ಆರ್‌ಕ್ಯೂ-ಟ್ರಿಗರ್

ಇಲ್ಲಿ ಎಲ್ ಎಂಬುದು ಸಣ್ಣ ಅಕ್ಷರದ ಎಲ್. ‘ಕೆಲಸದಲ್ಲಿರುವ ಎಲ್ಲ ಸಿಪಿಯುಗಳ ಟ್ರೇಸ್ ತೋರಿಸು’ ಎಂಬುದು ಅದರ ಅರ್ಥ. ಅಕ್ಷರ ತಪ್ಪಿ ಸಿ ಕೊಟ್ಟರೆ ಮಶೀನ್ ನಿಜವಾಗಿಯೇ ಕ್ರ್ಯಾಶ್ ಆಗುತ್ತದೆ, ಅದಕ್ಕೇ ವರ್ಚುವಲ್ ಮಶೀನ್ ಎಂದದ್ದು. ಈಗ ಡಿಮೆಸ್ಗ್ ನೋಡಿದರೆ ಕಾಲ್ ಟ್ರೇಸ್‌ನಲ್ಲಿ ಈ ಹೆಸರುಗಳು ಇರುತ್ತವೆ: __ಹ್ಯಾಂಡಲ್_ಸಿಸ್‌ಆರ್‌ಕ್ಯೂ, ರೈಟ್_ಸಿಸ್‌ಆರ್‌ಕ್ಯೂ_ಟ್ರಿಗರ್, ಪ್ರಾಕ್_ರೆಗ್_ರೈಟ್, ವಿಎಫ್‌ಎಸ್_ರೈಟ್, ಕೆಸಿಸ್_ರೈಟ್. ಕೆಳಗಿನಿಂದ ಮೇಲಕ್ಕೆ ಓದಿದರೆ ನೀವು ಈಗಷ್ಟೇ ಮಾಡಿದ ಕೆಲಸದ ಕಥೆಯೇ ಅದು. ಎಕೊ ಬರೆಯಲು ಹೋಯಿತು, ಬರವಣಿಗೆ ಪ್ರಾಕ್ ಫೈಲ್‌ಸಿಸ್ಟಮ್‌ಗೆ ಬಂತು, ಅಲ್ಲಿಂದ ಸಿಸ್‌ಆರ್‌ಕ್ಯೂ ಕೋಡ್‌ಗೆ ಹೋಯಿತು.

ಈಗ ಸ್ಕ್ರಿಪ್ಟ್ ಓಡಿಸಿ. ಡಿಸ್ಟ್ರೊ ಕರ್ನಲ್ ಆಗಿದ್ದು ಡೀಬಗ್ ಪ್ಯಾಕೇಜ್ ಹಾಕಿದ್ದರೆ, -ಆರ್ ಕೊಟ್ಟು ಆವೃತ್ತಿಯನ್ನಷ್ಟೇ ಹೇಳಿದರೆ ಸಾಕು, ಎಲ್ಲೆಲ್ಲಿ ಹುಡುಕಬೇಕೆಂದು ಅದಕ್ಕೆ ಗೊತ್ತು:

./ಸ್ಕ್ರಿಪ್ಟ್ಸ್/ಡಿಕೋಡ್_ಸ್ಟ್ಯಾಕ್‌ಟ್ರೇಸ್.ಎಸ್‌ಎಚ್ -ಆರ್ ಆವೃತ್ತಿ < ಲಾಗ್.ಟಿಎಕ್ಸ್‌ಟಿ > ಓದಬಲ್ಲ.ಟಿಎಕ್ಸ್‌ಟಿ

‘ಆವೃತ್ತಿ’ ಎಂದಿರುವಲ್ಲಿ ಲಾಗ್‌ನಿಂದ ತೆಗೆದ ಪೂರ್ತಿ ಹೆಸರನ್ನು ಹಾಕಿ. ನೀವೇ ಬಿಲ್ಡ್ ಮಾಡಿದ ಕರ್ನಲ್ ಆದರೆ ಫೈಲಿನ ದಾರಿಯನ್ನೇ ಕೊಡಿ, ಜೊತೆಗೆ ‘ಆಟೊ’ ಎಂದು ಸೇರಿಸಿ:

./ಸ್ಕ್ರಿಪ್ಟ್ಸ್/ಡಿಕೋಡ್_ಸ್ಟ್ಯಾಕ್‌ಟ್ರೇಸ್.ಎಸ್‌ಎಚ್ ./ವಿಎಂಲಿನಕ್ಸ್ ಆಟೊ < ಲಾಗ್.ಟಿಎಕ್ಸ್‌ಟಿ > ಓದಬಲ್ಲ.ಟಿಎಕ್ಸ್‌ಟಿ

ಬಿಲ್ಡ್ ಆದ ಮಶೀನ್‌ನ ಉದ್ದನೆಯ ಡೈರೆಕ್ಟರಿ ಹೆಸರನ್ನು ಪ್ರತಿ ಸಾಲಿನಲ್ಲೂ ತೋರಿಸದೆ ಚಿಕ್ಕದಾಗಿಸಲು ಈ ಆಟೊ. ಸ್ಕ್ರಿಪ್ಟ್‌ನ ಆವೃತ್ತಿಯೂ ಕರ್ನಲ್‌ನ ಆವೃತ್ತಿಯೂ ಒಂದೇ ಆಗಿರಬೇಕಿಲ್ಲ. ಕರ್ನಲ್.ಆರ್ಗ್‌ನಿಂದ ಹೊಸ ಸೋರ್ಸ್ ಇಳಿಸಿ ಅದರಲ್ಲಿರುವ ಸ್ಕ್ರಿಪ್ಟ್ಸ್ ಡೈರೆಕ್ಟರಿಯನ್ನೇ ಬಳಸಿ. -ಆರ್ ಮತ್ತು ಆಟೊ ಹಳೆಯ ಪ್ರತಿಗಳಲ್ಲಿ ಇಲ್ಲ. ಒಂದೇ ಫೈಲನ್ನು ಕಿತ್ತು ಬೇರೆಡೆ ಒಯ್ಯಬೇಡಿ, ಪಕ್ಕದಲ್ಲಿರುವ ಡಿಕೋಡ್‌ಕೋಡ್ ಎಂಬ ಇನ್ನೊಂದು ಸ್ಕ್ರಿಪ್ಟ್ ಕೂಡ ಇದಕ್ಕೆ ಬೇಕು.

ಹೊರಬಂದ ಫೈಲಿನಲ್ಲಿ __ಹ್ಯಾಂಡಲ್_ಸಿಸ್‌ಆರ್‌ಕ್ಯೂ ಮುಂದೆ ಡ್ರೈವರ್ಸ್/ಟಿಟಿವೈ/ಸಿಸ್‌ಆರ್‌ಕ್ಯೂ.ಸಿ ಎಂದು, ವಿಎಫ್‌ಎಸ್_ರೈಟ್ ಮುಂದೆ ಎಫ್‌ಎಸ್/ರೀಡ್_ರೈಟ್.ಸಿ ಎಂದು ಬಂದಿದೆಯೇ ನೋಡಿ. ಅಲ್ಲಿ ಕೊಟ್ಟಿರುವ ಸಾಲನ್ನು ಸೋರ್ಸ್‌ನಲ್ಲಿ ತೆರೆಯಿರಿ. ಮುಂದಿನ ಫಂಕ್ಷನ್ ಅನ್ನು ಕರೆಯುವ ಸಾಲು ಅಲ್ಲೇ, ಇಲ್ಲವೇ ಅದರ ಆಸುಪಾಸಿನಲ್ಲೇ ಇದ್ದರೆ ನಿಮ್ಮ ವ್ಯವಸ್ಥೆ ಸರಿಯಿದೆ. ಸಂಬಂಧವೇ ಇಲ್ಲದ ಕಾಮೆಂಟ್ ಸಾಲೋ ಡಿಕ್ಲರೇಶನ್ನೋ ಕಂಡರೆ ಎರಡನೇ ಹಂತಕ್ಕೆ ವಾಪಸ್ ಹೋಗಿ, ವಿಎಂಲಿನಕ್ಸ್ ಅಥವಾ ಸೋರ್ಸ್ ಎರಡರಲ್ಲೊಂದು ಬೇರೆ ಬಿಲ್ಡ್‌ನದ್ದು.

ಹಂತ 4: ನಿಜವಾದ ಟ್ರೇಸ್

ನಮ್ಮ ಡೆಮೊ ಡ್ರೈವರ್‌ಗೆ ಬರೋಣ. ಕಚ್ಚಾ ರೂಪ ಹೀಗಿತ್ತು:

ಬಗ್: ಕರ್ನಲ್ ನಲ್ ಪಾಯಿಂಟರ್ ಡಿರೆಫರೆನ್ಸ್, ಅಡ್ರೆಸ್: 0000000000000018
ಆರ್‌ಐಪಿ: 0010:ಡೆಮೊ_ಫಿಲ್+0ಎಕ್ಸ್24/0ಎಕ್ಸ್70 [ಡೆಮೊ]
ಕಾಲ್ ಟ್ರೇಸ್:
ಡೆಮೊ_ರೀಡ್+0ಎಕ್ಸ್51/0ಎಕ್ಸ್90 [ಡೆಮೊ]
? ಡೆಮೊ_ಪೋಲ್+0ಎಕ್ಸ್13/0ಎಕ್ಸ್60 [ಡೆಮೊ]
ವಿಎಫ್‌ಎಸ್_ರೀಡ್+0ಎಕ್ಸ್95/0ಎಕ್ಸ್320
ಕೆಸಿಸ್_ರೀಡ್+0ಎಕ್ಸ್68/0ಎಕ್ಸ್100

ಮಾಡ್ಯೂಲ್‌ಗಳು ಇರುವಾಗ ಸ್ಕ್ರಿಪ್ಟ್‌ಗೆ ಇನ್ನೊಂದು ಮಾಹಿತಿ ಬೇಕು. ವಿಎಂಲಿನಕ್ಸ್‌ನೊಳಗೆ ಡೆಮೊ ಇಲ್ಲ, ಅದರ ಕೆಒ ಫೈಲ್ (ಮಾಡ್ಯೂಲ್ ಇರುವ ಫೈಲ್) ಎಲ್ಲಿದೆ ಎಂದು ಹೇಳಬೇಕು. ಆಟೊ ನಂತರ ಮೂರನೆಯದಾಗಿ ಮಾಡ್ಯೂಲ್‌ಗಳಿರುವ ಡೈರೆಕ್ಟರಿಯ ದಾರಿ ಕೊಡಿ. ಆ ಫೈಲಿನಲ್ಲೂ ಡೀಬಗ್ ಮಾಹಿತಿ ಉಳಿದಿರಬೇಕು. ಇನ್‌ಸ್ಟಾಲ್ ಮಾಡುವಾಗ ಜಾಗ ಉಳಿಸಲೆಂದು ಸ್ಟ್ರಿಪ್ ಮಾಡಿ ಆ ಮಾಹಿತಿಯನ್ನು ಕಿತ್ತುಹಾಕಿದ್ದರೆ ಇನ್‌ಸ್ಟಾಲ್ ಆದ ಪ್ರತಿ ಕೆಲಸಕ್ಕೆ ಬಾರದು, ಬಿಲ್ಡ್ ಡೈರೆಕ್ಟರಿಯಲ್ಲಿರುವ ಮೂಲ ಪ್ರತಿಯನ್ನು ತೋರಿಸಿ.

ಡಿಕೋಡ್ ಆದ ಮೇಲೆ:

ಆರ್‌ಐಪಿ: 0010:ಡೆಮೊ_ಫಿಲ್ (ಡ್ರೈವರ್ಸ್/ಮಿಸ್ಕ್/ಡೆಮೊ.ಸಿ:42) ಡೆಮೊ
ಡೆಮೊ_ರೀಡ್ (ಡ್ರೈವರ್ಸ್/ಮಿಸ್ಕ್/ಡೆಮೊ.ಸಿ:78) ಡೆಮೊ

ಇಲ್ಲಿಂದ ಓದುವುದು ನಿಮ್ಮ ಕೆಲಸ. 42ನೇ ಸಾಲಿನಲ್ಲಿ ಒಂದು ಸ್ಟ್ರಕ್ಚರ್ ಪಾಯಿಂಟರ್‌ನ ಮೂಲಕ ಒಂದು ಫೀಲ್ಡ್ ಓದಲಾಗುತ್ತಿದೆ ಎನ್ನಿ. ಮೊದಲ ಸಾಲಿನ ಅಡ್ರೆಸ್ ನೋಡಿ: ಪೂರ್ತಿ ಸೊನ್ನೆಯಲ್ಲ, ಕೊನೆಯಲ್ಲಿ 18 ಇದೆ. ಹೆಕ್ಸ್ 18 ಅಂದರೆ 24. ಪಾಯಿಂಟರ್ ಸೊನ್ನೆಯಾಗಿತ್ತು, ಅದರಿಂದ 24 ಬೈಟ್ ದೂರದ ಫೀಲ್ಡ್ ಅನ್ನು ಓದಲು ಹೋಗಿ ಬಿತ್ತು. ಎಂಟೆಂಟು ಬೈಟ್‌ನ ಮೂರು ಫೀಲ್ಡ್‌ಗಳು ಮೊದಲಿದ್ದರೆ ನಾಲ್ಕನೆಯದು ಅದು. 42ನೇ ಸಾಲಿನಲ್ಲಿ ಎರಡು ಮೂರು ಪಾಯಿಂಟರ್‌ಗಳು ಒಟ್ಟಿಗೆ ಇದ್ದಾಗ ಯಾವುದು ಸೊನ್ನೆ ಎಂದು ಈ 18 ಹೇಳಿಬಿಡುತ್ತದೆ. ಸ್ಟ್ರಕ್ಚರ್ ದೊಡ್ಡದಾಗಿದ್ದರೆ ಪಹೋಲ್ ಎಂಬ ಟೂಲ್ ಪ್ರತಿ ಫೀಲ್ಡ್ ಎಷ್ಟನೇ ಬೈಟ್‌ನಲ್ಲಿದೆ ಎಂದು ಪಟ್ಟಿ ಕೊಡುತ್ತದೆ. ಸಾಲಿನ ಸಂಖ್ಯೆ ಮತ್ತು ಈ ಅಡ್ರೆಸ್ ಎರಡನ್ನೂ ಸೇರಿಸಿ ಓದುವುದನ್ನು ರೂಢಿ ಮಾಡಿಕೊಂಡರೆ ಅರ್ಧದಷ್ಟು ನಲ್ ಪಾಯಿಂಟರ್ ಬಗ್‌ಗಳಿಗೆ ಡೀಬಗರ್ ತೆರೆಯುವ ಪ್ರಮೇಯವೇ ಬರುವುದಿಲ್ಲ ಎಂಬುದು ನನ್ನ ಅನಿಸಿಕೆ.

ಪ್ರಶ್ನಾರ್ಥಕ ಚಿಹ್ನೆ ಇರುವ ಸಾಲು, ನಮ್ಮ ಉದಾಹರಣೆಯ ಡೆಮೊ_ಪೋಲ್, ಪಕ್ಕಾ ಸಾಕ್ಷಿಯಲ್ಲ. ಸ್ಟ್ಯಾಕ್‌ನಲ್ಲಿ ಆ ವಿಳಾಸ ಬಿದ್ದಿತ್ತು, ಆದರೆ ಅದು ನಿಜವಾದ ಕರೆಯ ಸರಪಳಿಯಲ್ಲಿದೆ ಎಂದು ಕರ್ನಲ್‌ಗೆ ಖಾತ್ರಿಯಿಲ್ಲ. ಹೆಚ್ಚಾಗಿ ಹಿಂದೆ ಮುಗಿದುಹೋದ ಕರೆಯ ಪಳೆಯುಳಿಕೆ. ಮೊದಲ ಓದಿನಲ್ಲಿ ಅವನ್ನು ದಾಟಿ ಹೋಗಿ, ಆದರೆ ಲಾಗ್‌ನಿಂದ ಅಳಿಸಬೇಡಿ. ಸ್ವಲ್ಪ ಮುಂಚೆ ಏನು ನಡೆದಿತ್ತು ಎಂಬ ಸುಳಿವು ಕೆಲವೊಮ್ಮೆ ಅಲ್ಲೇ ಸಿಗುತ್ತದೆ.

78ನೇ ಸಾಲಿನ ಬಗ್ಗೆ ಒಂದು ಎಚ್ಚರಿಕೆ. ಆರ್‌ಐಪಿ ತಪ್ಪು ನಡೆದ ಜಾಗವನ್ನೇ ತೋರಿಸುತ್ತದೆ. ಅದರ ಕೆಳಗಿನ ಸಾಲುಗಳಲ್ಲಿರುವುದು ಕರೆ ಮುಗಿದ ಮೇಲೆ ವಾಪಸ್ ಬರಬೇಕಾದ ಜಾಗ, ಅಂದರೆ ಕರೆಯ ನಂತರದ ಇನ್‌ಸ್ಟ್ರಕ್ಷನ್. ಹಾಗಾಗಿ ಸಾಲಿನ ಸಂಖ್ಯೆ ಒಂದೆರಡು ಮುಂದೆ ಹೋಗಿರಬಹುದು. 78ರಲ್ಲಿ ಡೆಮೊ_ಫಿಲ್ ಕಾಣದಿದ್ದರೆ 77, 76 ನೋಡಿ.

ಒಂದೇ ಫಂಕ್ಷನ್ ಹೆಸರಿನ ಮುಂದೆ ಎರಡು ಮೂರು ಫೈಲ್ ಮತ್ತು ಸಾಲುಗಳು ಒಟ್ಟಿಗೆ ಬಂದರೆ ಗಾಬರಿಯಾಗಬೇಡಿ. ಚಿಕ್ಕ ಫಂಕ್ಷನ್‌ಗಳನ್ನು ಕಂಪೈಲರ್ ದೊಡ್ಡದರೊಳಗೆ ಕರಗಿಸಿಬಿಡುತ್ತದೆ, ಟ್ರೇಸ್‌ನಲ್ಲಿ ಅವುಗಳ ಹೆಸರೇ ಇರುವುದಿಲ್ಲ. ಸ್ಕ್ರಿಪ್ಟ್ ಆ ಮರೆಯಾದ ಸರಪಳಿಯನ್ನು ಬಿಚ್ಚಿ ತೋರಿಸುತ್ತದೆ: ಮೊದಲನೆಯದು ಅತಿ ಒಳಗಿನ ಸಾಲು, ಕೊನೆಯದು ಹೊರಗಿನ ಫಂಕ್ಷನ್‌ನಲ್ಲಿ ಕರೆ ಇರುವ ಸಾಲು. ಎಷ್ಟೋ ಸಲ ನಿಜವಾದ ತಪ್ಪು ಒಂದು ಹೆಡರ್ ಫೈಲಿನ ಇನ್‌ಲೈನ್ ಫಂಕ್ಷನ್‌ನಲ್ಲಿ ಕಾಣುತ್ತದೆ, ಲಿಸ್ಟ್.ಎಚ್ ಥರದ್ದು. ಆಗ ಹೆಡರ್ ಅನ್ನು ಬಯ್ಯಬೇಡಿ, ಅದಕ್ಕೆ ಕೆಟ್ಟ ಪಾಯಿಂಟರ್ ಕೊಟ್ಟವರು ಯಾರು ಎಂದು ಪಕ್ಕದ ಸಾಲನ್ನು ಕೇಳಿ. ‘ಡಿಸ್ಕ್ರಿಮಿನೇಟರ್’ ಎಂಬ ಪದ ಕಂಡರೆ ಅದನ್ನು ಕಡೆಗಣಿಸಬಹುದು.

ಕೊನೆಯಲ್ಲಿ ‘ಕೋಡ್:’ ಎಂಬ ಸಾಲಿನ ಹೆಕ್ಸ್ ಬೈಟ್‌ಗಳನ್ನು ಸ್ಕ್ರಿಪ್ಟ್ ತಾನೇ ಅಸೆಂಬ್ಲಿಯಾಗಿ ಬಿಚ್ಚಿಡುತ್ತದೆ, ಬಿದ್ದ ಇನ್‌ಸ್ಟ್ರಕ್ಷನ್‌ಗೆ ಗುರುತೂ ಹಾಕುತ್ತದೆ. ಅಸೆಂಬ್ಲಿ ಬರದಿದ್ದರೆ ಸದ್ಯಕ್ಕೆ ಬಿಡಿ.

ಹಂತ 5: ಉತ್ತರ ಬಾರದಿದ್ದಾಗ, ಅಥವಾ ಅನುಮಾನ ಬಂದಾಗ

ಸಾಲಿನ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಜೋಡಿ ಬಂದರೆ ವಿಎಂಲಿನಕ್ಸ್‌ನಲ್ಲಿ ಡೀಬಗ್ ಮಾಹಿತಿ ಇಲ್ಲ. ಸಾಲು ಮುಟ್ಟದೆ ಹಾಗೇ ಉಳಿದಿದ್ದರೆ ಆ ಹೆಸರಿನ ಫಂಕ್ಷನ್ ಸಿಕ್ಕಿಲ್ಲ, ಇಲ್ಲವೇ ಮಾಡ್ಯೂಲ್ ಫೈಲ್ ಸಿಕ್ಕಿಲ್ಲ. ಎಆರ್‌ಎಂ ಬೋರ್ಡ್‌ನ ಟ್ರೇಸ್ ಅನ್ನು ಎಕ್ಸ್86 ಲ್ಯಾಪ್‌ಟಾಪ್‌ನಲ್ಲಿ ಡಿಕೋಡ್ ಮಾಡುವವರು, ಬೆಂಗಳೂರಿನ ಎಂಬೆಡೆಡ್ ಕಂಪನಿಗಳಲ್ಲಿ ಇದು ನಿತ್ಯದ ಕೆಲಸ, ಯಾವ ಟೂಲ್‌ಗಳನ್ನು ಬಳಸಬೇಕೆಂದು ಹೇಳುವ ಕ್ರಾಸ್_ಕಂಪೈಲ್ ವೇರಿಯಬಲ್ ಅನ್ನು ಬಿಲ್ಡ್‌ಗೆ ಕೊಟ್ಟಂತೆಯೇ ಸ್ಕ್ರಿಪ್ಟ್‌ಗೂ ಕೊಡಬೇಕು. ಇಲ್ಲದಿದ್ದರೆ ಅದು ಲ್ಯಾಪ್‌ಟಾಪ್‌ನ ಟೂಲ್‌ಗಳನ್ನೇ ಬಳಸಲು ಹೋಗುತ್ತದೆ. ‘ಕೋಡ್:’ ಸಾಲನ್ನು ಬಿಚ್ಚಲು ಪ್ರೊಸೆಸರ್ ಬಗೆ ಹೇಳುವ ಆರ್ಕ್ ವೇರಿಯಬಲ್ ಕೂಡ ಬೇಕು.

ಉತ್ತರ ಬಂದೂ ನಂಬಿಕೆ ಹುಟ್ಟದಿದ್ದರೆ ಗಾತ್ರವನ್ನು ತಾಳೆ ನೋಡಿ. ಟ್ರೇಸ್‌ನಲ್ಲಿ ಡೆಮೊ_ಫಿಲ್ ಗಾತ್ರ ಹೆಕ್ಸ್ 70 ಎಂದಿತ್ತಲ್ಲ. ನಿಮ್ಮ ಕೈಲಿರುವ ಫೈಲಿನಲ್ಲೂ ಅಷ್ಟೇ ಇದೆಯೇ? ವಿಎಂಲಿನಕ್ಸ್ ಅಥವಾ ಕೆಒ ಫೈಲ್ ಮೇಲೆ ಎನ್‌ಎಂ -ಎನ್ ಓಡಿಸಿದರೆ ವಿಳಾಸದ ಕ್ರಮದಲ್ಲಿ ಪಟ್ಟಿ ಬರುತ್ತದೆ. ಮುಂದಿನ ಫಂಕ್ಷನ್‌ನ ವಿಳಾಸದಿಂದ ಇದರ ವಿಳಾಸ ಕಳೆಯಿರಿ. ಎನ್‌ಎಂ ತಾನೇ ಹೇಳುವ ಗಾತ್ರಕ್ಕಿಂತ ಹೀಗೆ ಕಳೆದು ನೋಡುವುದು ಒಳ್ಳೆಯದು, ಏಕೆಂದರೆ ಫಂಕ್ಷನ್‌ಗಳ ನಡುವಿನ ಖಾಲಿ ಬೈಟ್‌ಗಳನ್ನೂ ಕರ್ನಲ್ ಗಾತ್ರದೊಳಗೆ ಸೇರಿಸಿಯೇ ಬರೆದಿರುತ್ತದೆ. 70 ಬರಬೇಕಾದಲ್ಲಿ 80 ಬಂದರೆ ಆ ಬಿಲ್ಡ್ ಬೇರೆ, ಅದರ ಸಾಲಿನ ಸಂಖ್ಯೆಗಳನ್ನು ಬದಿಗಿಡಿ.

ಗಾತ್ರ ಇನ್ನೊಂದು ಕಡೆಯೂ ಕೈಹಿಡಿಯುತ್ತದೆ. ಕರ್ನಲ್‌ನಲ್ಲಿ ಒಂದೇ ಹೆಸರಿನ ಸ್ಟ್ಯಾಟಿಕ್ ಫಂಕ್ಷನ್‌ಗಳು ಬೇರೆ ಬೇರೆ ಫೈಲ್‌ಗಳಲ್ಲಿ ಬೇಕಾದಷ್ಟಿವೆ. ಡಿಕೋಡ್ ಸ್ಕ್ರಿಪ್ಟ್ ಹೆಸರಿನಿಂದ ಹುಡುಕುವುದರಿಂದ ತಪ್ಪು ಮನೆಯ ಬಾಗಿಲು ತಟ್ಟುವ ಸಾಧ್ಯತೆ ಇದೆ. ನೆಟ್‌ವರ್ಕ್ ಟ್ರೇಸ್‌ನ ನಡುವೆ ಇದ್ದಕ್ಕಿದ್ದಂತೆ ಸೌಂಡ್ ಡ್ರೈವರ್‌ನ ಫೈಲ್ ಕಂಡರೆ ಇದೇ ಕಾರಣವಿರಬಹುದು. ಆಗ ಅದೇ ಡೈರೆಕ್ಟರಿಯಲ್ಲಿರುವ ಎಫ್‌ಅಡ್ರ್2ಲೈನ್ ಎಂಬ ಸ್ಕ್ರಿಪ್ಟ್ ಬಳಸಿ. ಜೋಶ್ ಪೊಯಿಂಬೊಯೆಫ್ ಬರೆದದ್ದು. ಇದಕ್ಕೆ ಇಡೀ ಲಾಗ್ ಅಲ್ಲ, ಬೇಕಾದ ಸಾಲಿನ ಹೆಸರು ಮತ್ತು ಅಂಕಿಗಳನ್ನಷ್ಟೇ ಕೊಡಬೇಕು:

./ಸ್ಕ್ರಿಪ್ಟ್ಸ್/ಎಫ್‌ಅಡ್ರ್2ಲೈನ್ ./ವಿಎಂಲಿನಕ್ಸ್ ವಿಎಫ್‌ಎಸ್_ರೀಡ್+0ಎಕ್ಸ್95/0ಎಕ್ಸ್320

ಇದು ಗಾತ್ರವನ್ನೂ ತಾಳೆ ನೋಡುತ್ತದೆ. ಹೆಸರು ಹೊಂದಿ ಗಾತ್ರ ಹೊಂದದಿದ್ದರೆ ಆ ಫಂಕ್ಷನ್ ಅನ್ನು ಬಿಡುತ್ತದೆ, ಹೊಂದುವವು ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ತೋರಿಸುತ್ತದೆ. ಇಡೀ ಲಾಗ್‌ಗೆ ಮೊದಲ ಸ್ಕ್ರಿಪ್ಟ್, ತೀರ್ಮಾನ ನಿಂತಿರುವ ಒಂದೆರಡು ಸಾಲುಗಳಿಗೆ ಈ ಎರಡನೆಯದು, ಹೀಗೆ ಎರಡನ್ನೂ ಜೊತೆಯಾಗಿ ಬಳಸುವುದು ನನಗೆ ಹಿಡಿಸಿದ ಕ್ರಮ.

ಹಂತ 6: ವರದಿ ಕಳಿಸುವುದು

ಟ್ರೇಸ್ ಡಿಕೋಡ್ ಮಾಡಿ ಕಳಿಸಿ ಎಂದು ಕರ್ನಲ್‌ನ ಅಧಿಕೃತ ದಾಖಲೆಗಳೇ ಹೇಳುತ್ತವೆ. ಕಾರಣ ಸರಳ: ಆ ಬಿಲ್ಡ್‌ನ ವಿಎಂಲಿನಕ್ಸ್ ನಿಮ್ಮ ಬಳಿ ಇದೆ, ಅವರ ಬಳಿ ಇಲ್ಲ. ನೀವು ಡಿಕೋಡ್ ಮಾಡದಿದ್ದರೆ ಬೇರೆ ಯಾರಿಂದಲೂ ಆಗುವುದಿಲ್ಲ.

ವರದಿಯಲ್ಲಿ ಓದಬಲ್ಲ ರೂಪವನ್ನು ಪಠ್ಯವಾಗಿ ಹಾಕಿ, ಕಚ್ಚಾ ಲಾಗ್ ಅನ್ನು ಜೊತೆಗೆ ಲಗತ್ತಿಸಿ. ಡಿಕೋಡ್ ಆದ ಮೇಲೆ ದೂರ ಮತ್ತು ಗಾತ್ರದ ಅಂಕಿಗಳು ಮಾಯವಾಗುತ್ತವೆ, ಬೇರೆಯವರು ತಾಳೆ ನೋಡಬೇಕೆಂದರೆ ಕಚ್ಚಾ ರೂಪವೇ ಬೇಕು. ಪೂರ್ತಿ ಡಿಮೆಸ್ಗ್ ಕಳಿಸುವ ಮುಂಚೆ ನೆಟ್‌ವರ್ಕ್ ಕಾರ್ಡ್‌ನ ಮ್ಯಾಕ್ ವಿಳಾಸ, ಯುಎಸ್‌ಬಿ ಸಾಧನಗಳ ಸೀರಿಯಲ್ ನಂಬರ್ ಥರದವನ್ನು ಮರೆಮಾಡಬಹುದು, ಆದರೆ ಸಾಲುಗಳನ್ನೇ ತೆಗೆಯಬೇಡಿ.

ಟ್ರೇಸ್‌ನ ಮೇಲ್ಭಾಗದಲ್ಲಿ ‘ಟೇಂಟೆಡ್’ ಎಂಬ ಪದ ಇದೆಯೇ ನೋಡಿಕೊಳ್ಳಿ. ಅದರ ಮುಂದೆ ಪಿ ಅಕ್ಷರ ಇದ್ದರೆ ಸೋರ್ಸ್ ಮುಕ್ತವಲ್ಲದ ಮಾಡ್ಯೂಲ್ ಲೋಡ್ ಆಗಿತ್ತು, ಒ ಇದ್ದರೆ ಕರ್ನಲ್ ಸೋರ್ಸ್‌ನ ಹೊರಗಿನ ಮಾಡ್ಯೂಲ್. ಆ ಮಾಡ್ಯೂಲ್ ಇಲ್ಲದೆ ಬೂಟ್ ಮಾಡಿ ತೊಂದರೆ ಮತ್ತೆ ಬರುತ್ತದೆಯೇ ಎಂದು ನೋಡಿದ ಮೇಲೆ ವರದಿ ಮಾಡಿದರೆ ಜನ ಕಿವಿಗೊಡುತ್ತಾರೆ.

ಯಾರಿಗೆ ಕಳಿಸಬೇಕು ಎಂಬುದಕ್ಕೂ ಈಗ ನಿಮ್ಮ ಕೈಲಿ ಉತ್ತರ ಇದೆ. ಡಿಕೋಡ್ ಆದ ಟ್ರೇಸ್‌ನಿಂದ ಫೈಲಿನ ದಾರಿ ತೆಗೆದು ಅದೇ ಸ್ಕ್ರಿಪ್ಟ್ಸ್ ಡೈರೆಕ್ಟರಿಯಲ್ಲಿರುವ ಗೆಟ್_ಮೇಂಟೇನರ್.ಪಿಎಲ್‌ಗೆ ಕೊಡಿ:

./ಸ್ಕ್ರಿಪ್ಟ್ಸ್/ಗೆಟ್_ಮೇಂಟೇನರ್.ಪಿಎಲ್ -ಎಫ್ ಡ್ರೈವರ್ಸ್/ಟಿಟಿವೈ/ಸಿಸ್‌ಆರ್‌ಕ್ಯೂ.ಸಿ

ಆ ಫೈಲ್ ನೋಡಿಕೊಳ್ಳುವವರ ಹೆಸರು, ಕಳಿಸಬೇಕಾದ ಮೇಲಿಂಗ್ ಲಿಸ್ಟ್ ಎರಡೂ ಬರುತ್ತವೆ. ಡಿಸ್ಟ್ರೊದ ಕರ್ನಲ್ ಆಗಿದ್ದರೆ ಮೊದಲು ಡಿಸ್ಟ್ರೊದವರಿಗೇ ವರದಿ ಮಾಡಿ, ಅವರು ತಮ್ಮದೇ ಪ್ಯಾಚ್‌ಗಳನ್ನು ಸೇರಿಸಿರುತ್ತಾರೆ. ಕರ್ನಲ್.ಆರ್ಗ್‌ನ ಹೊಸ ಕರ್ನಲ್‌ನಲ್ಲೂ ಅದೇ ಟ್ರೇಸ್ ಬಂದರೆ ಆಗ ನೇರವಾಗಿ ಆ ಲಿಸ್ಟ್‌ಗೆ ಬರೆಯಿರಿ.